ಒರ್ಲಾಸ್ಕಿ ದಂಪತಿಗೆ ಒಲೆ ಮಂಜೂರಾದ ವಿವರ

ವೆದರಿಲ್ ಗ್ಯಾಪ್ ಪಟ್ಟಣಕ್ಕೆ ಚಳಿಗಾಲವು ಪಟ್ಟಣ ಸಭೆಯ ಪೂರ್ವಾನುಮತಿ ಪಡೆಯದೆಯೇ ಪ್ರತಿ ವರ್ಷ ಬರುತ್ತದೆ. ಈ ಬಗ್ಗೆ ಸಭೆಯು ಎರಡು ಸಲ ಆಕ್ಷೇಪಣೆ ದಾಖಲಿಸಿದೆ. ಮೂರನೆಯದು ಟೈಪಾಗುತ್ತಿದೆ.

ನನ್ನ ಹೆಸರು ವಿನ್ಸೆಂಟ್ ಸೆಟ್ಕವೇಜ್. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯ ಈ ಪಟ್ಟಣದಲ್ಲಿ ಹತ್ತೊಂಬತ್ತು ವರ್ಷದಿಂದ ಸಭೆಯ ಕಾರ್ಯದರ್ಶಿಯಾಗಿದ್ದೇನೆ. ಇಲ್ಲಿ ಬರೆದಿರುವುದೆಲ್ಲ ನಡಾವಳಿ ಪುಸ್ತಕದಲ್ಲಿರುವುದೇ. ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು. ಓದಿ ಯಾರಾದರೂ ನಕ್ಕರೆ ಅದಕ್ಕೆ ಸಭೆ ಹೊಣೆಯಲ್ಲ.

ಆ ವರ್ಷದ ಬೇಸಿಗೆಯಲ್ಲಿ ರಾಜಧಾನಿಯ ಗೃಹೋಷ್ಣ ಇಲಾಖೆಯಿಂದ 'ಬೆಚ್ಚನೆಯ ಮನೆ' ಎಂಬ ಯೋಜನೆ ಬಂತು. ಒಲೆ ಕೆಟ್ಟುಹೋದ ಪ್ರತಿ ಮನೆಗೆ ಹಳೆಯದಾದರೂ ಸುಸ್ಥಿತಿಯಲ್ಲಿರುವ ಒಂದು ಸ್ಟೋಕರ್ ಒಲೆಯನ್ನು ಉಚಿತವಾಗಿ ಕೊಡುವುದು. ಒಲೆ ಎಂದರೆ ಇಲ್ಲಿ ಅಡುಗೆಯದಲ್ಲ, ಮನೆ ಬೆಚ್ಚಗಿಡುವುದು; ಸ್ಟೋಕರ್ ಎಂದರೆ ತನ್ನ ಊಟ ತಾನೇ ಬಡಿಸಿಕೊಳ್ಳುವ ಒಲೆ. ಮೇಲಿನ ತೊಟ್ಟಿಗೆ ಅಕ್ಕಿ ಕಾಳಿನಷ್ಟು ಸಣ್ಣ ಕಲ್ಲಿದ್ದಲು ಸುರಿದುಬಿಟ್ಟರೆ ಒಂದು ಪುಟ್ಟ ಮೋಟರು ಅದನ್ನು ಇಷ್ಟಿಷ್ಟೇ ಜಾಲರಿಯ ಮೇಲೆ ತಳ್ಳುತ್ತದೆ, ಫ್ಯಾನು ಕೆಳಗಿನಿಂದ ಗಾಳಿ ಊದುತ್ತದೆ, ಉರಿದು ಮುಗಿದ ಬೂದಿ ಇನ್ನೊಂದು ತುದಿಯಿಂದ ಪೆಟ್ಟಿಗೆಗೆ ಉದುರುತ್ತದೆ. ಮನುಷ್ಯ ದಿನಕ್ಕೆ ಎರಡು ಸಲ ಎದ್ದರೆ ಸಾಕು. ಪಟ್ಟಣ ಸಭೆಯ ಕೆಲಸವೂ ಹೆಚ್ಚುಕಡಿಮೆ ಹೀಗೇ ನಡೆಯುವುದರಿಂದ ಯೋಜನೆ ನಮಗೆ ಕೂಡಲೇ ಅರ್ಥವಾಯಿತು.

ಮೊದಲ ಕ್ರಮವಾಗಿ ಒಲೆ ಆಯ್ಕೆ ಸಮಿತಿಯನ್ನು ರಚಿಸಲಾಯಿತು. ಅಧ್ಯಕ್ಷರು ಎಲ್ವುಡ್ ಕ್ರೆಸ್ಲರ್. ಊರಿನಲ್ಲಿ ಹಳೆಯ ಒಲೆ ಮಾರುವ ವ್ಯಾಪಾರಿ ಅವರೊಬ್ಬರೇ ಆದ್ದರಿಂದ ಅವರಿಗಿಂತ ತಜ್ಞರು ಸಿಗುವಂತಿರಲಿಲ್ಲ. ಸ್ವಹಿತಾಸಕ್ತಿಯ ಪ್ರಶ್ನೆ ಏಳಬಾರದೆಂದು ಅವರೇ ಒಂದು ಉಪಾಯ ಸೂಚಿಸಿದರು: ತಮ್ಮ ಅಂಗಡಿಯ ಒಲೆ ಚರ್ಚೆಗೆ ಬಂದಾಗ ಅಧ್ಯಕ್ಷರಾಗಿ ಮುಂಬಾಗಿಲಿನಿಂದ ಹೊರಗೆ ಹೋಗಿ, ವ್ಯಾಪಾರಿಯಾಗಿ ಪಕ್ಕದ ಬಾಗಿಲಿನಿಂದ ಒಳಗೆ ಬರುವುದು. ಸಮಿತಿಯ ಸದಸ್ಯೆ ಮಿಸೆಸ್ ಪ್ರೊಥೆರೋ ನಿವೃತ್ತ ಶಾಲಾ ಶಿಕ್ಷಕಿ. ನಮಗೆಲ್ಲ ಅಕ್ಷರ ಕಲಿಸಿದವರು. ಒಲೆಯ ಬಗ್ಗೆ ಅವರಿಗೆ ಏನೂ ತಿಳಿಯದು, ಆದರೆ ವರದಿಯಲ್ಲಿ ಒಂದು ಕಾಗುಣಿತ ತಪ್ಪೂ ಇರದಂತೆ ನೋಡಿಕೊಳ್ಳುತ್ತಾರೆ. ಮೂರನೆಯವನು ನಾನು.

ಅಕ್ಟೋಬರ್ ತಿಂಗಳ ಕೊನೆಯ ಸೋಮವಾರ ಟಿಲ್ಲಿ ಒರ್ಲಾಸ್ಕಿ ಕಚೇರಿಗೆ ಬಂದಳು. ಟಿಲ್ಲಿ ನನ್ನ ತರಗತಿಯವಳು. ಗುರುವಾರಗಳಂದು ಚರ್ಚಿನ ಅಡುಗೆಮನೆಯಲ್ಲಿ ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬು ಮಾಡುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಅವಳ ಗಂಡ ಕಾಜ್ ಕಲ್ಲಿದ್ದಲು ಒಡೆದು ಸೋಸುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಯಂತ್ರ ರಿಪೇರಿ ಮಾಡಿದವನು. ಆ ಮೂವತ್ತೊಂದು ವರ್ಷದ ಧೂಳು ಈಗಲೂ ಅವನ ಎದೆಯಲ್ಲಿದೆ. ತಣ್ಣನೆಯ ಕೋಣೆಯಲ್ಲಿ ಕೂರಲೇಬಾರದು ಎಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅವರ ಮನೆಯ ಹಳೆಯ ಒಲೆಯ ಹಿಂಬದಿ ತಗಡು ಹಿಂದಿನ ದಿನ ಮೇಲಿನಿಂದ ಕೆಳಗಿನವರೆಗೆ ಸೀಳಿಹೋಗಿತ್ತು.

"ವಿನ್ಸ್, ಒಲೆ ಒಡೀತು. ಅರ್ಜಿ ಕೊಡು" ಅಂದಳು.

ಕೊಟ್ಟೆ. ಒಂಬತ್ತು ಪುಟ.

"'ಒಲೆ ಒಡೆದಾಗ ಸ್ಥಳದಲ್ಲಿದ್ದ ಇಬ್ಬರು ಸಾಕ್ಷಿಗಳು' ಅಂತಿದೆಯಲ್ಲೋ?"

"ಕಾಜ್ ಇದ್ದನಲ್ಲ."

"ಇದ್ದ. ಇನ್ನೊಬ್ಬರು ಅಂದ್ರೆ ಬೆಕ್ಕು."

ಬೆಕ್ಕಿನ ಪೂರ್ತಿ ಹೆಸರು ಬರೆಸಿಕೊಂಡೆ.

"ನೋಡು," ಅಂದಳು ಟಿಲ್ಲಿ, "ಈ ಅರ್ಜಿ ಬರೀ ಒಲೇನ ಚಿಮಣಿಗೆ ಜೋಡಿಸೋ ಪರವಾನಗಿಗೆ. ಒಲೆ ನಾವೇ ನೋಡ್ಕೊಂಡಿದೀವಿ. ಮಿಸೆಸ್ ಡಾಂಬ್ರೋಸ್ ಅವರ ನೆಲಮಾಳಿಗೇದು. ಸುಮ್ನೆ ಕೊಡ್ತಿದಾರೆ."

ನಡೆದದ್ದು ಹೀಗೆ. ಮಿಸೆಸ್ ಡಾಂಬ್ರೋಸ್ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಎರಡನೆಯ ಮದುವೆಯಾಗಿ ಪಕ್ಕದ ಜಿಲ್ಲೆಗೆ ಹೊರಟಿದ್ದರು. ಹೊಸ ಗಂಡನ ಮನೆಯಲ್ಲಿ ಗ್ಯಾಸಿನ ಒಲೆ. ಆದ್ದರಿಂದ ಹಳೆಯ ಸ್ಟೋಕರನ್ನು ಯಾರಾದರೂ ಹೊತ್ತುಕೊಂಡು ಹೋದರೆ ಸಾಕು ಅಂದಿದ್ದರು. ಕಾಜ್ ಒಂದು ಟಾರ್ಚು, ಒಂದು ಸ್ಕ್ರೂಡ್ರೈವರು, ಒಂದು ಅಳತೆ ಪಟ್ಟಿ, ಟಿಲ್ಲಿಯ ಪೌಡರ್ ಡಬ್ಬಿಯ ಕನ್ನಡಿ ಹಿಡಿದುಕೊಂಡು ಹೋದ. ನೆಲದ ಮೇಲೆ ಅಂಗಾತ ಮಲಗಿ ತಳ ನೋಡಿದ. ಬೂದಿ ಬೀಳುವ ಮೂಲೆಗಳನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಒತ್ತಿ ನೋಡಿದ. ಹಳೆಯ ಒಲೆ ಸಾಯುವುದು ಅಲ್ಲೇ. ಬೇಸಿಗೆಯಲ್ಲಿ ಬೂದಿ ಹಾಗೇ ಬಿಟ್ಟರೆ ತೇವ ಹೀರಿ ತಗಡನ್ನು ತಿಂದುಬಿಡುತ್ತದೆ. ತೊಟ್ಟಿಯ ಅಡಿಗೆ ಕನ್ನಡಿ ಹಿಡಿದ. ಜಾಲರಿಯ ಮೇಲೆ ಅಳತೆ ಪಟ್ಟಿ ಇಟ್ಟು ಬಾಗಿದೆಯೋ ಎಂದು ಕಣ್ಣು ಕಿರಿದು ಮಾಡಿದ. ಕೊನೆಗೆ ಮೋಟರು ಹಾಕಿ, ಅದರ ಮೇಲೆ ಕಿವಿಯಿಟ್ಟು, ಕೆಮ್ಮು ಬಂದರೂ ತಡೆದುಕೊಂಡು ಎರಡು ನಿಮಿಷ ಆಲಿಸಿದ.

"ಇದನ್ನ ಯಾರು ನೋಡ್ಕೊಳ್ತಿದ್ರು ಮಿಸೆಸ್ ಡಾಂಬ್ರೋಸ್?" ಎಂದು ಕೇಳಿದನಂತೆ.

"ಪ್ರತಿ ಮೇ ತಿಂಗಳು ನಮ್ಮೆಜಮಾನ್ರು ಬೂದಿ ಎಲ್ಲ ಗುಡಿಸಿ ಎಣ್ಣೆ ಒರೆಸ್ತಿದ್ರು. ಅವರು ಹೋದ ಮೇಲೆ ನಾನು."

"ನಿಮ್ಮ ಹೊಸ ಯಜಮಾನ್ರು ಪುಣ್ಯವಂತರು ಬಿಡಿ. ತುಕ್ಕು ಹಿಡಿಯೋ ಭಯವಿಲ್ಲ."

ಇದೆಲ್ಲವನ್ನೂ ಕೇಳಿ ನನಗೆ ಸಂತೋಷವಾಯಿತು. ಆದರೆ ನಿಯಮವನ್ನು ತಿಳಿಸುವುದು ನನ್ನ ಕರ್ತವ್ಯ. ಯೋಜನೆ ಇರುವುದು ಒಲೆ ಇಲ್ಲದವರಿಗೆ. ಒರ್ಲಾಸ್ಕಿಯವರಿಗೆ ಒಲೆ ಸಿಕ್ಕಿದೆ. ಸಿಕ್ಕಿರುವುದರಿಂದ ಅವರು ಅನರ್ಹರು. ಅನರ್ಹರ ಒಲೆ ಯೋಜನೆಯ ಹೊರಗಿನದು. ಯೋಜನೆಯ ಹೊರಗಿನ ಒಲೆಗೆ ಚಿಮಣಿ ಪರವಾನಗಿ ಕೊಡಲು ಈ ವರ್ಷ ಅವಕಾಶವಿಲ್ಲ. ಅಲ್ಲದೆ ಫಲಾನುಭವಿಯು ತಾನೇ ಒಲೆ ಆರಿಸಿಕೊಳ್ಳುವುದನ್ನು ಉಪನಿಯಮ ಆರು ನಿಷೇಧಿಸುತ್ತದೆ. ತನ್ನ ಮನೆಗೆ ಬೇಕಾದ ಒಲೆಯ ವಿಷಯದಲ್ಲಿ ಮನುಷ್ಯ ನಿಷ್ಪಕ್ಷಪಾತಿಯಾಗಿರಲಾರ.

"ಅಂದ್ರೆ ಈ ಒಲೆ ಬಿಟ್ರೆ ನಮಗೆ ಒಲೆ ಸಿಗುತ್ತೆ?"

"ಪರಿಗಣಿಸಲಾಗುತ್ತೆ."

ಟಿಲ್ಲಿ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಮೂರನೆಯ ತರಗತಿಯಲ್ಲಿ ನನ್ನ ಊಟದ ಡಬ್ಬಿ ಕಸಿದುಕೊಳ್ಳುವ ಮುನ್ನ ಹೀಗೇ ನೋಡುತ್ತಿದ್ದಳು. ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು.

ಬುಧವಾರ ಒರ್ಲಾಸ್ಕಿಯವರು ಚರ್ಚಿನ ನಾಲ್ಕು ಜನ ಗೆಳೆಯರನ್ನು ಕರೆದು ಆ ಒಲೆಯನ್ನು ಹೊತ್ತು ತಂದು, ಚಿಮಣಿಗೆ ಜೋಡಿಸಿ, ಹೊತ್ತಿಸಿಯೇ ಬಿಟ್ಟರು. ಗುರುವಾರ ಬೆಳಗ್ಗೆ ಅಗ್ನಿಶಾಮಕ ದಳ ಅವರ ಮನೆಯ ಮುಂದೆ ನಿಂತಿತ್ತು. ದಳದ ಮುಖ್ಯಸ್ಥರು ಕ್ರೆಸ್ಲರ್ ಅವರ ಭಾವಮೈದ ಎಂಬುದು ಕೇವಲ ಕಾಕತಾಳೀಯ. ನಾನು ಪಂಚನಾಮೆಗಾಗಿ ಹೋಗಿದ್ದೆ.

"ಅನುಮತಿ ಇಲ್ಲದ ಹೊಗೆ ಬಗ್ಗೆ ದೂರು ಬಂದಿದೆ" ಅಂದರು ಮುಖ್ಯಸ್ಥರು.

ಕಾಜ್ ಅಂಗಳಕ್ಕೆ ಬಂದು ಚಿಮಣಿ ಕಡೆ ಕೈ ತೋರಿಸಿದ. "ಎಲ್ಲಿದೆ ಹೊಗೆ?"

ಹೊಗೆ ಇರಲಿಲ್ಲ. ನಮ್ಮ ಸೀಮೆಯ ಗಟ್ಟಿ ಕಲ್ಲಿದ್ದಲಿಗೆ ಹೊಗೆಯಿಲ್ಲ ಎಂಬುದು ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಮುಖ್ಯಸ್ಥರು ಬಹಳ ಹೊತ್ತು ಆಕಾಶ ನೋಡಿದರು. ನಂತರ ನನ್ನಿಂದ ಹೀಗೆ ಬರೆಸಿದರು: 'ಚಿಮಣಿಯಿಂದ ಯಾವುದೇ ಹೊಗೆ ಕಂಡುಬರಲಿಲ್ಲ. ಇದು ಹೊಗೆಯನ್ನು ಬಚ್ಚಿಟ್ಟಿರುವ ಸಂಶಯಕ್ಕೆ ಎಡೆಮಾಡಿಕೊಟ್ಟಿದೆ.'

ಒಲೆಯನ್ನು ಜಪ್ತಿ ಮಾಡಿ ಪಟ್ಟಣ ಸಭೆಯ ಭವನಕ್ಕೆ ತರಲಾಯಿತು. ಆ ದಿನವೇ ಒರ್ಲಾಸ್ಕಿಯವರ ಮನೆಯಲ್ಲಿ ಒಲೆ ಇಲ್ಲದಂತಾದ್ದರಿಂದ ಅವರು ಅರ್ಹರಾದರು. ಅರ್ಹತಾ ಪತ್ರವನ್ನು ನಾನೇ ಖುದ್ದಾಗಿ ತಲುಪಿಸಿದೆ. ಟಿಲ್ಲಿ ಅದನ್ನು ಓದಿ, ಕಿಟಕಿಯ ಸಂದಿಗೆ ತುರುಕಿದಳು. ಗಾಳಿ ನುಗ್ಗುತ್ತಿತ್ತು.

ಉಪನಿಯಮದ ಪ್ರಕಾರ ಕನಿಷ್ಠ ಮೂರು ಒಲೆಗಳನ್ನು ಹೋಲಿಸಿ ಒಂದನ್ನು ಆರಿಸಬೇಕು. ಜಪ್ತಿಯಾದದ್ದು ಒಂದು, ಇನ್ನೆರಡು ಕ್ರೆಸ್ಲರ್ ಅಂಗಡಿಯವು. ನವೆಂಬರ್ ಎರಡನೆಯ ವಾರ ಸಮಿತಿಯು ಸ್ಥಳ ಪರಿಶೀಲನೆಗೆ ಹೋಯಿತು. ಫಲಾನುಭವಿಯಾಗಿ ಕಾಜ್ ಕೂಡ ಬಂದಿದ್ದ, ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡು. ಕ್ರೆಸ್ಲರ್ ತಮ್ಮ ಅಂಗಳದ ಮುಂದಿನ ಗೇಟಿನಿಂದ ಅಧ್ಯಕ್ಷರಾಗಿ ಹೊರಬಿದ್ದು ಹಿಂದಿನ ಗೇಟಿನಿಂದ ವ್ಯಾಪಾರಿಯಾಗಿ ಬಂದರು.

ಮೊದಲನೆಯ ಒಲೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು.

"ಬಣ್ಣ ಯಾವಾಗ ಬಳಿದೆ ಎಲ್ವುಡ್?" ಎಂದ ಕಾಜ್.

"ಹೋದ ವಾರ. ಚೆನ್ನಾಗಿ ಕಾಣ್ಲಿ ಅಂತ."

ಕಾಜ್ ಸ್ಕ್ರೂಡ್ರೈವರನ್ನು ಮೂಲೆಗೆ ಇಟ್ಟು ಮೆಲ್ಲಗೆ ಒತ್ತಿದ. ಅದು ಹಿಡಿಯವರೆಗೂ ಒಳಗೆ ಹೋಯಿತು. ಅವನು ಬಗ್ಗಿ ತೂತಿನಲ್ಲಿ ಕಣ್ಣಿಟ್ಟ.

"ಈಗ ಇನ್ನೂ ಚೆನ್ನಾಗಿ ಕಾಣ್ತಿದೆ. ನಿನ್ನ ಅಂಗಡಿ, ಅಂಚೆ ಕಚೇರಿ, ಬಸ್ಸಿಗೆ ಕಾಯ್ತಾ ನಿಂತಿರೋರು, ಎಲ್ಲಾ ಕಾಣ್ತಾರೆ."

"ಸಾರ್ವಜನಿಕ ಸ್ವತ್ತಿಗೆ ಹಾನಿ ಮಾಡ್ಬೇಡ ಕಾಜ್."

"ಇನ್ನೂ ನಿನ್ನ ಸ್ವತ್ತಲ್ವಾ?"

"ಆಗೋದಿದೆ."

ವರದಿಯಲ್ಲಿ 'ಹೆಚ್ಚುವರಿ ಗಾಳಿ ಸೌಲಭ್ಯ ಉಂಟು' ಎಂದು ಬರೆದೆ. ಎರಡನೆಯ ಒಲೆಗೆ ಮೋಟರೇ ಇರಲಿಲ್ಲ. ಅದಿದ್ದ ಜಾಗದಲ್ಲಿ ಒಂದು ಹಕ್ಕಿಗೂಡಿತ್ತು.

"ಕಲ್ಲಿದ್ದಲು ತಳ್ಳೋದು ಯಾರು?" ಕಾಜ್ ಕೇಳಿದ.

"ನೀನೇ. ಮೂವತ್ತೊಂದು ವರ್ಷದ ಅನುಭವ ಇದೆಯಲ್ಲ. ಆದ್ರೆ ಕೇಳು, ಎಷ್ಟು ನಿಶ್ಶಬ್ದವಾಗಿದೆ!"

ನಾವೆಲ್ಲ ಕಿವಿಗೊಟ್ಟೆವು. ನಿಜವಾಗಿಯೂ ನಿಶ್ಶಬ್ದವಾಗಿತ್ತು. ಕಾಜ್ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಮಿಸೆಸ್ ಪ್ರೊಥೆರೋ ತಮ್ಮ ಚೀಲದಿಂದ ಪೆಪ್ಪರ್‌ಮಿಂಟು ತೆಗೆದು ಅವನ ಬಾಯಿಗೇ ಹಾಕಿ, ಶಾಲೆಯ ಹಾಜರಿ ಪುಸ್ತಕದಲ್ಲಿದ್ದ ಪೂರ್ತಿ ಹೆಸರು ಹಿಡಿದು, "ನೆಟ್ಟಗೆ ನಿಂತ್ಕೋ ಕ್ಯಾಸಿಮಿರ್, ಉಸಿರು ಎಳ್ಕೋ" ಅಂದರು. ಅವನು ನೆಟ್ಟಗೆ ನಿಂತ.

ಅಂಕಗಳ ಪಟ್ಟಿಯನ್ನು ಸಮಿತಿ ಅಂದೇ ಅಂಗೀಕರಿಸಿತು. ಬಣ್ಣಕ್ಕೆ ನಲವತ್ತು, ಸದ್ದಿಲ್ಲದಿರುವಿಕೆಗೆ ಮೂವತ್ತು, ಮಾರಾಟಗಾರನ ಸನ್ನಡತೆಗೆ ಇಪ್ಪತ್ತೈದು, ಶಾಖಕ್ಕೆ ಐದು. ಒಲೆ ಎಂಬ ಪದದ ಅರ್ಥದಲ್ಲಿ ಶಾಖವೂ ಅಡಗಿದೆ ಎಂದು ಮಿಸೆಸ್ ಪ್ರೊಥೆರೋ ವಾದಿಸಿದ್ದರಿಂದ ಆ ಐದು ಸಿಕ್ಕಿತು, ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ. ಶಾಖವನ್ನು ಅಳೆಯಲು ಒಲೆಗಳನ್ನು ಹೊತ್ತಿಸಿ ನೋಡಬೇಕು ಎಂದೂ ಅವರೇ ಹೇಳಿದರು. ಹಾಗೆ ಪರೀಕ್ಷಾ ದಹನ ಶುರುವಾಯಿತು.

ಮೂರೂ ಒಲೆಗಳನ್ನು ಪಟ್ಟಣ ಸಭಾಭವನದಲ್ಲಿ ಸಾಲಾಗಿ ಇಡಲಾಯಿತು. ಭವನಕ್ಕೆ ಇರುವುದು ಒಂದೇ ಚಿಮಣಿ. ಅದಕ್ಕೆ ಡಾಂಬ್ರೋಸ್ ಒಲೆಯನ್ನು ಜೋಡಿಸಿ, ಉಳಿದೆರಡನ್ನು ಕಡತದಲ್ಲಿ ಜೋಡಿಸಲಾಯಿತು. ಪರೀಕ್ಷೆಯ ಕಾಲದಲ್ಲಿ ಫಲಾನುಭವಿಗಳು ಒಲೆಯ ಎದುರು ಕುಳಿತು ತಮಗೆ ಬೆಚ್ಚಗಾಗುತ್ತಿದೆಯೇ ಎಂದು ಗಂಟೆಗೊಮ್ಮೆ ಸಹಿ ಮಾಡಬೇಕು. ಹೀಗೆ ನವೆಂಬರ್ ಮೂರನೆಯ ವಾರದಿಂದ ಕಾಜ್ ಮತ್ತು ಟಿಲ್ಲಿ ಬೆಳಗ್ಗೆ ಒಂಬತ್ತಕ್ಕೆ ಬರುತ್ತಿದ್ದರು, ಸಂಜೆ ಐದಕ್ಕೆ ತಮ್ಮ ತಣ್ಣನೆಯ ಮನೆಗೆ ಹೋಗುತ್ತಿದ್ದರು. ಒಲೆಯನ್ನು ನೋಡಿಕೊಳ್ಳುತ್ತಿದ್ದವನು ಕಾಜ್. ಬೂದಿ ತೆಗೆಯುವನು, ತೊಟ್ಟಿ ತುಂಬುವನು, ಗಾಳಿಯ ತಿರುಪನ್ನು ಕೂದಲೆಳೆಯಷ್ಟು ಅತ್ತಿತ್ತ ಮಾಡುವನು. ಜಾಲರಿಯ ಮೇಲೆ ನೀಲಿ ಜ್ವಾಲೆ ಹಾಸಿಗೆಯ ಹಾಗೆ ಹರಡಿಕೊಳ್ಳುತ್ತಿತ್ತು.

ಇಲ್ಲೊಂದು ವಿಷಯ ದಾಖಲಿಸಬೇಕು. ನಮ್ಮ ಭವನವನ್ನು ಬೆಚ್ಚಗಿಡಬೇಕಾದ ಬಾಯ್ಲರು ಮಿತವ್ಯಯದ ಕಾರಣ ಏಳು ವರ್ಷದಿಂದ ಬಂದ್. ಏಳು ಚಳಿಗಾಲ ನಾನು ಕೈಗವಸು ಹಾಕಿಕೊಂಡೇ ಟೈಪು ಮಾಡಿದ್ದೇನೆ. ಆ ವಾರ ಮೊದಲ ಸಲ ಕೈಗವಸು ತೆಗೆದೆ. ಆಡಳಿತಾತ್ಮಕ ಕಾರಣಗಳಿಂದ ನನ್ನ ಮೇಜನ್ನು ಒಲೆಗೆ ಆರು ಅಡಿ ಹತ್ತಿರಕ್ಕೆ ಸರಿಸಿಕೊಂಡೆ. ಕ್ರೆಸ್ಲರ್ ಅಂಗಡಿಗಿಂತ ಹೆಚ್ಚು ಹೊತ್ತು ಸಮಿತಿಯಲ್ಲೇ ಕಳೆಯತೊಡಗಿದರು. ಮಿಸೆಸ್ ಪ್ರೊಥೆರೋ ಹೆಣಿಗೆ ತಂದರು. ಡಿಸೆಂಬರ್ ಮೊದಲ ವಾರದಲ್ಲಿ ಮುಗಿಯಬೇಕಿದ್ದ ಪರೀಕ್ಷೆಯನ್ನು, ಅವಸರದ ತೀರ್ಮಾನದಿಂದ ಫಲಾನುಭವಿಗೆ ಅನ್ಯಾಯವಾಗಬಾರದೆಂಬ ಒಂದೇ ಉದ್ದೇಶದಿಂದ, ಸರ್ವಾನುಮತದಿಂದ ವಿಸ್ತರಿಸಲಾಯಿತು. ಕ್ರಿಸ್‌ಮಸ್‌ಗೆ ಮುಂಚೆ ಮತ್ತೊಮ್ಮೆ.

"ಇನ್ನೂ ಯಾವ ಒಲೆ ಬಿಸಿ ಅಂತ ಗೊತ್ತಾಗ್ಲಿಲ್ವೇನೋ ಬಟ್ಟಿ?" ಎಂದು ಕಾಜ್ ಒಂದು ದಿನ ಕೇಳಿದ. ನಮ್ಮ ಕಡೆ ಗಣಿಯಲ್ಲಿ ಜೊತೆಗಾರನನ್ನು ಬಟ್ಟಿ ಅನ್ನುತ್ತಾರೆ. ನಾನು ಗಣಿಗೆ ಇಳಿದವನಲ್ಲ, ನಮ್ಮಪ್ಪ ಇಳಿದಿದ್ದ. "ಬೇಕಾದ್ರೆ ಒಂದೊಂದರ ಮೇಲೂ ಒಂದೊಂದು ಸಲ ಕೂತು ನೋಡು."

ಅವನು ನಗುತ್ತಲೇ ಹೇಳಿದ. ನಾನು ಕಡತ ನೋಡುತ್ತಿದ್ದೆ.

ಭಾನುವಾರ ಭವನಕ್ಕೆ ರಜೆ. ಜನವರಿಯ ಮೊದಲ ಭಾನುವಾರ ಬಕೆಟ್ಟಿನ ನೀರು ತಳದವರೆಗೂ ಹೆಪ್ಪುಗಟ್ಟುವಂಥ ಚಳಿ ಬಿತ್ತು. ಸೋಮವಾರ ಒಂಬತ್ತಾಯಿತು, ಹತ್ತಾಯಿತು, ಒರ್ಲಾಸ್ಕಿಯವರು ಬರಲಿಲ್ಲ. ಶನಿವಾರ ಹಾಕಿದ ಕಲ್ಲಿದ್ದಲು ಮುಗಿದು ಒಲೆ ಆರಿತ್ತು. ಹೊತ್ತಿಸಲು ನಾವು ಮೂವರೂ ಪ್ರಯತ್ನಿಸಿದೆವು. ಮಿಸೆಸ್ ಪ್ರೊಥೆರೋ ಅದರ ಮುಂದೆ ನಿಂತು ಗದರಿಸಿಯೂ ನೋಡಿದರು. ನಾನು ಮೂರು ಸಲ ಬಾಗಿಲಿಗೆ ಹೋಗಿ ಬೀದಿ ನೋಡಿದೆ. ಒಲೆಗಾಗಿಯೇ ನೋಡಿದೆನೋ, ಬೇರೆ ಯಾತಕ್ಕೋ, ನಡಾವಳಿಯಲ್ಲಿ ಬರೆದಿಲ್ಲ.

ಮಂಗಳವಾರದ ಸಭೆಗೆ ಟಿಲ್ಲಿ ಒಬ್ಬಳೇ ಬಂದಳು. ಕೂರಲಿಲ್ಲ.

"ಅವನು ಆಸ್ಪತ್ರೇಲಿದಾನೆ" ಅಂದಳು. "ಭಾನುವಾರ ಅಡುಗೆಮನೇಲಿ ಮೂರು ಕೋಟು ಹಾಕ್ಕೊಂಡು ಕೂತಿದ್ದ. ನಾನು ಅಡುಗೆಯ ಪುಟ್ಟ ಒಲೆ ಮೇಲೆ ಕಡುಬು ಬೇಯಿಸೋ ಪಾತ್ರೇಲಿ ನೀರು ಕಾಯಿಸಿ ಅವನ ಕಾಲು ಅದರೊಳಗಿಟ್ಟೆ. ನೀರು ತಣ್ಣಗಾಗೋದು, ಮತ್ತೆ ಕಾಯಿಸೋದು. ಸಾಯಂಕಾಲದ ಹೊತ್ತಿಗೆ ತುಟಿ ನೀಲಿ ಆಗಿತ್ತು, ವಿನ್ಸ್. ನೀಲಿ. ಅವನು ಆರಿಸಿದ ಒಲೆ ಅದು. ನೆಲದ ಮೇಲೆ ಬಿದ್ದು ಹೊರಳಾಡಿ ನೋಡಿ ಆರಿಸಿದ್ದು. ಅದು ಅವನ ಮನೆ ಬಿಟ್ಟು ನಿಮ್ಮ ಮೂರು ಜನರ ಕಾಲು ಕಾಯಿಸ್ತಾ ಕೂತಿದೆ."

ಕ್ರೆಸ್ಲರ್ ಟೋಪಿ ತೆಗೆದರು. "ಈ ಸಭೆಯು ತನ್ನ ತೀವ್ರ ವಿಷಾದವನ್ನು..."

"'ತೀವ್ರ' ಜ್ವರಕ್ಕೆ. ವಿಷಾದಕ್ಕೆ 'ಆಳವಾದ' ಅಂತ ಹಾಕು" ಅಂದರು ಮಿಸೆಸ್ ಪ್ರೊಥೆರೋ. ಅವರ ಕಣ್ಣು ಒದ್ದೆಯಾಗಿತ್ತು.

"ವಿಷಾದ ಇಟ್ಕೊಳ್ಳಿ. ಒಲೆ ಕೊಡಿ" ಅಂದಳು ಟಿಲ್ಲಿ. "ಶುಕ್ರವಾರ ಬಿಡ್ತಾರಂತೆ. ತಣ್ಣನೆ ಮನೆಗಾದ್ರೆ ಬಿಡಲ್ಲ ಅಂದಿದಾರೆ ಡಾಕ್ಟರು."

ಎಲ್ಲರೂ ಆರಿಹೋದ ಒಲೆಯನ್ನು ನೋಡಿದರು. ಕೋಣೆಯಲ್ಲಿ ನಮ್ಮ ಉಸಿರು ಬೆಳ್ಳಗೆ ಕಾಣುತ್ತಿತ್ತು. ಕ್ರೆಸ್ಲರ್ ಅವರು ಕೋಟಿನ ಕಾಲರು ಎತ್ತಿಕೊಂಡು ಉಪನಿಯಮಗಳ ಪುಸ್ತಕ ತಿರುವಿದರು. ಅವರು ಕೆಟ್ಟವರಲ್ಲ. ಚಳಿ ತಾಳದವರು.

"ಪರೀಕ್ಷೆ ಮುಗಿಯೋವರೆಗೂ ಒಲೆ ಮನೆಗೆ ಹೋಗೋ ಹಾಗಿಲ್ಲ" ಅಂದರು. "ಆದ್ರೆ ಮನೆ ಒಲೆ ಹತ್ರ ಬರಬಾರದು ಅಂತ ಎಲ್ಲೂ ಬರೆದಿಲ್ಲ."

"ಏನಂದೆ?"

"ಎರಡನೇ ನಂಬರ್ ಕೋಣೆ ಖಾಲಿ ಇದೆ ಟಿಲ್ಲಿ. ಬಾಗಿಲು ತೆಗೆದಿಟ್ರೆ ಶಾಖ ನೇರ ಒಳಗೆ ಬರುತ್ತೆ. ಅದೇ ನಿಮ್ಮ ಮನೆ ಅಂತ ಠರಾವು ಮಾಡೋಣ. ಹಗಲೂ ರಾತ್ರಿ ಪರೀಕ್ಷೆ, ಭಾನುವಾರಾನೂ."

"ಎಲ್ವುಡ್, ನಿಂಗೆ ತಲೆ ಕೆಟ್ಟಿದೆಯಾ?"

"ಇಲ್ಲ. ಉಪನಿಯಮ ಹದಿನಾಲ್ಕು."

ಟಿಲ್ಲಿ ಕಿಟಕಿಯ ಕಡೆ ತಿರುಗಿ ನಿಂತಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಬೈಯುತ್ತಾಳೆ ಎಂದುಕೊಂಡೆವು. ತಿರುಗಿದಾಗ ಅವಳು ಕೇಳಿದ್ದು ಇಷ್ಟೇ:

"ಅಡುಗೆಗೆ ಎಲ್ಲಿ ಜಾಗ?"

ಶುಕ್ರವಾರ ಕಾಜ್ ಆಸ್ಪತ್ರೆಯಿಂದ ನೇರ ಭವನಕ್ಕೆ ಬಂದ. ಮಂಚ, ಕಂಬಳಿ, ಬೆಕ್ಕು ಎಲ್ಲ ಮೊದಲೇ ಬಂದಿದ್ದವು. ಅವನು ಕೋಟು ಕೂಡ ಬಿಚ್ಚದೆ ಒಲೆಯ ಮುಂದೆ ಮಂಡಿಯೂರಿ, ನಾವು ಮಾಡಿದ್ದ ಅನಾಹುತವನ್ನು ಸರಿಮಾಡಿ, ಕಾಲು ಗಂಟೆಯಲ್ಲಿ ಹೊತ್ತಿಸಿದ. ಸಮಿತಿ ಚಪ್ಪಾಳೆ ತಟ್ಟಿತು. ಅಂದೇ ಅವನನ್ನು ಗೌರವ ದಹನಾಧಿಕಾರಿಯಾಗಿ ನೇಮಿಸಲಾಯಿತು. ಗೌರವ ಎಂದರೆ ಸಂಬಳವಿಲ್ಲ.

ಊರಿನಲ್ಲಿ ಸುದ್ದಿ ಹಬ್ಬಲು ತಡವಾಗಲಿಲ್ಲ. ಯೋಜನೆಗೆ ಅರ್ಜಿ ಹಾಕಿ ಕಾಯುತ್ತಿದ್ದ ಹನ್ನೊಂದು ಮನೆಗಳು ಬೇರೆ ಇದ್ದವು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ತಾರತಮ್ಯವಾಗುತ್ತದೆ. ಜನವರಿ ಮುಗಿಯುವುದರೊಳಗೆ ಹನ್ನೆರಡು ಮನೆಗಳೂ ಪಟ್ಟಣ ಸಭಾಭವನದಲ್ಲಿದ್ದವು. ಕಡತದ ಕಪಾಟುಗಳ ನಡುವೆ ಹಾಸಿಗೆ, ಧ್ವಜದ ಕೋಲಿಗೆ ಒಣಹಾಕಿದ ಕಾಲುಚೀಲ, ಅಧ್ಯಕ್ಷರ ವೇದಿಕೆಯ ಮೇಲೆ ಟಿಲ್ಲಿಯ ಲಟ್ಟಣಿಗೆ. ಪಟ್ಟಣ ಸಭೆಗೆ ಅದುವರೆಗೆ ಸಾರ್ವಜನಿಕರು ಯಾರೂ ಬರುತ್ತಿರಲಿಲ್ಲ. ಈಗ ಹಾಜರಾತಿ ನಲವತ್ತು ದಾಟಿತು, ಕೆಲವರು ಮಲಗಿಯೇ ಮತ ಹಾಕಿದರು. ಕಾಜ್‌ನ ಕೆಮ್ಮು ಇಳಿಯಿತು. ಅವನ ಕೆನ್ನೆಗೆ ಬಣ್ಣ ಬಂತು ಎಂದು ಟಿಲ್ಲಿ ನನಗೆ ಮೆಲ್ಲಗೆ ಹೇಳಿದಳು, ಯಾರಾದರೂ ಕೇಳಿಸಿಕೊಂಡು ಅದನ್ನೂ ಜಪ್ತಿ ಮಾಡಿಯಾರು ಅನ್ನುವ ಹಾಗೆ.

ಫೆಬ್ರವರಿಯಲ್ಲಿ ಗೃಹೋಷ್ಣ ಇಲಾಖೆಯ ಮಹಿಳಾ ತಪಾಸಣಾಧಿಕಾರಿ ಬಂದರು. ಒಳಗೆ ಕಾಲಿಟ್ಟವರೇ ಕೋಟು ಬಿಚ್ಚಿದರು.

"ಎಷ್ಟು ಮನೆಗಳಿಗೆ ಶಾಖ ತಲುಪಿದೆ?"

"ಹನ್ನೆರಡಕ್ಕೆ ಹನ್ನೆರಡೂ" ಅಂದರು ಕ್ರೆಸ್ಲರ್.

"ಮನೆಗಳನ್ನು ನೋಡಬಹುದೇ?"

ಕ್ರೆಸ್ಲರ್ ಕೈ ಬೀಸಿ ತೋರಿಸಿದರು. ಅಧಿಕಾರಿ ಒಂದೊಂದು ಹಾಸಿಗೆಯ ಬಳಿಯೂ ನಿಂತು ಟಿಕ್ ಹಾಕುತ್ತ ಬಂದರು. ಟಿಲ್ಲಿ ಒಂದು ತಟ್ಟೆ ಕಡುಬು ಕೊಟ್ಟಳು, ಮೇಲೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿ. ಅಧಿಕಾರಿ ಇನ್ನೊಂದು ತಟ್ಟೆ ಕೇಳಿ ಪಡೆದರು.

"ಮೇಡಂ, ನಮ್ಮ ಮನೆ ಪೈನ್ ಬೀದೀಲಿದೆ" ಅಂದ ಕಾಜ್. "ಅಲ್ಲಿ ನಲ್ಲಿ ಒಡೆದು ಮೆಟ್ಟಿಲ ಮೇಲೆಲ್ಲ ಮಂಜುಗಡ್ಡೆ."

"ನಮೂನೆಯಲ್ಲಿ 'ಬೆಚ್ಚಗಿದ್ದೀರಾ' ಅಂತ ಇದೆ. ಇದ್ದೀರಾ?"

ಕಾಜ್ ಯೋಚಿಸಿದ. ಅವನು ಸುಳ್ಳು ಹೇಳುವವನಲ್ಲ. "ಇದೀನಿ" ಅಂದ.

ಒಂದೇ ಒಲೆಯಲ್ಲಿ ಹನ್ನೆರಡು ಮನೆ ಕಾಯಿಸಿದ ಏಕೈಕ ಪಟ್ಟಣ ಎಂದು ಇಲಾಖೆಯ ವಾರ್ಷಿಕ ವರದಿಯಲ್ಲಿ ನಮ್ಮ ಹೆಸರು ಬಂತು. ಮಿಸೆಸ್ ಪ್ರೊಥೆರೋ ಅದರಲ್ಲಿ ನಾಲ್ಕು ಕಾಗುಣಿತ ತಪ್ಪು ಗುರುತಿಸಿ ವಾಪಸು ಕಳಿಸಿದರು.

ಏಪ್ರಿಲ್ ಕೊನೆಯಲ್ಲಿ ಹಿಮ ಕರಗಿತು. ಜನ ಹಾಸಿಗೆ ಸುತ್ತಿಕೊಂಡು ತಮ್ಮ ತಮ್ಮ ಮನೆಗೆ ಹೋದರು. ಇನ್ನು ಶಾಖ ಯಾರಿಗೂ ಬೇಡವಾದ್ದರಿಂದ ಪರೀಕ್ಷೆಯನ್ನು ಮುಕ್ತಾಯಗೊಳಿಸಿ ಅಂಕ ಹಾಕಲಾಯಿತು. ಡಾಂಬ್ರೋಸ್ ಒಲೆಗೆ ಬಣ್ಣವಿಲ್ಲ. ಮೋಟರಿನ ಸದ್ದು ಉಂಟು. ಮಾರಾಟಗಾರ್ತಿ ಹೊಸ ಗಂಡನೊಡನೆ ಪ್ರವಾಸದಲ್ಲಿದ್ದುದರಿಂದ ಅವರ ಸನ್ನಡತೆಯನ್ನು ಖಚಿತಪಡಿಸಿಕೊಳ್ಳಲಾಗಲಿಲ್ಲ. ಸಾಲದ್ದಕ್ಕೆ ಅದು ಚಳಿಗಾಲವಿಡೀ ಕಲ್ಲಿದ್ದಲು ತಿಂದಿದೆ; ಉಳಿದೆರಡು ಒಲೆಗಳು ಒಂದು ಹಿಡಿಯನ್ನೂ ಮುಟ್ಟಿಲ್ಲ. ಶಾಖದಲ್ಲಿ ಅದಕ್ಕೆ ಐದಕ್ಕೆ ಐದೂ ಬಂತು. ಒಟ್ಟು ಅಂಕವೂ ಐದೇ.

ಕ್ರೆಸ್ಲರ್ ಅವರ ಬಣ್ಣದ ಒಲೆ ಒರ್ಲಾಸ್ಕಿ ದಂಪತಿಗೆ ಮಂಜೂರಾಯಿತು. ತಿರಸ್ಕೃತವಾದ ಡಾಂಬ್ರೋಸ್ ಒಲೆಯನ್ನು ವಿಲೇವಾರಿ ಮಾಡುವವರೆಗೆ ಇದ್ದ ಜಾಗದಲ್ಲೇ, ಚಿಮಣಿಗೆ ಜೋಡಿಸಿದ ಸ್ಥಿತಿಯಲ್ಲೇ, ಸಭಾಭವನದಲ್ಲಿ ಇರಿಸತಕ್ಕದ್ದು ಎಂದು ತೀರ್ಮಾನಿಸಲಾಯಿತು. ವಿಲೇವಾರಿಗೆ ಗಡುವಿಲ್ಲ.

ಮೇ ತಿಂಗಳ ಒಂದು ಬಿಸಿಲಿನ ಶನಿವಾರ ಅಗ್ನಿಶಾಮಕ ದಳದ ಬ್ಯಾಂಡಿನೊಂದಿಗೆ ಮಂಜೂರಾದ ಬಣ್ಣದ ಒಲೆಯನ್ನು ಪೈನ್ ಬೀದಿಗೆ ಮೆರವಣಿಗೆಯಲ್ಲಿ ಒಯ್ಯಲಾಯಿತು. ಹಣೆಯ ಬೆವರು ಒರೆಸಿಕೊಳ್ಳುತ್ತ ಕ್ರೆಸ್ಲರ್ ಭಾಷಣ ಮಾಡಿದರು. ಕಾಜ್ ಒಲೆಯ ಸುತ್ತ ಒಂದು ಸುತ್ತು ಬಂದ. ಜಗಳಕ್ಕೆ ನಿಲ್ಲುತ್ತಾನೇನೋ ಎಂದು ನನಗೆ ಅಳುಕಿತ್ತು. ಅವನು ಕ್ರೆಸ್ಲರ್ ಅವರ ಕೈ ಕುಲುಕಿ, "ಥ್ಯಾಂಕ್ಸ್ ಎಲ್ವುಡ್, ಒಳ್ಳೇ ಕೆಲಸ ಆಯ್ತು" ಅಂದ.

"ನಿಜವಾಗ್ಲೂ ಹೇಳ್ತಿದೀಯಾ?" ಎಂದು ಆಮೇಲೆ ನಾನು ಅವನನ್ನು ಒತ್ತಟ್ಟಿಗೆ ಕರೆದು ಕೇಳಿದೆ.

"ಬಟ್ಟಿ, ಈ ಮನೇಲಿ ನಾವಿಬ್ರೇ ಚಳೀಲಿ ಮುಖ ಮುಖ ನೋಡ್ಕೊಂಡು ಕೂರ್ತಿದ್ವಿ. ಅಲ್ಲಿ ದಿನಾ ಇಸ್ಪೀಟು, ಹಾಡು, ಊಟ. ಒಲೆ ನನ್ನ ಕೈಯಲ್ಲೇ ಇತ್ತು. ಇನ್ನೇನು ಬೇಕು? ಟಿಲ್ಲಿ ಆಗ್ಲೇ ಬರೋ ಚಳಿಗಾಲಕ್ಕೆ ಅಲ್ಲಿನ ಕಪಾಟಿಗೆ ಪರದೆ ಹೊಲೀತಿದಾಳೆ."

ಅಧ್ಯಕ್ಷರೂ ಇದನ್ನು ಕೇಳಿಸಿಕೊಂಡಿರಬೇಕು. ಮುಂದಿನ ಸಭೆಯಲ್ಲೇ ಯೋಜನೆಗೆ ಒಂದು ತಿದ್ದುಪಡಿ ಬಂತು: ಬರುವ ಚಳಿಗಾಲ ಭವನದಲ್ಲಿ ವಾಸ್ತವ್ಯ ಕೋರುವವರಲ್ಲಿ, ಮನೆಯಲ್ಲಿ ಯೋಜನೆಯ ಒಲೆ ಹೊಂದಿರುವವರಿಗೆ ಮೊದಲ ಆದ್ಯತೆ. ಅಂಥವರ ಮನೆ ತಣ್ಣಗಿರುವುದು ಸಮಿತಿಗೆ ಖಚಿತವಾಗಿ ಗೊತ್ತಿರುವುದರಿಂದ ಪ್ರತ್ಯೇಕ ತಪಾಸಣೆಯ ಅಗತ್ಯವಿಲ್ಲ. ಇದು ಪ್ರಕಟವಾದ ಮರುದಿನದಿಂದ ಕ್ರೆಸ್ಲರ್ ಅಂಗಳದಲ್ಲಿದ್ದ ತುಕ್ಕು ಹಿಡಿದ ಒಲೆಗಳಿಗೆ ಎಲ್ಲಿಲ್ಲದ ಬೇಡಿಕೆ. ಜನ ಸ್ಕ್ರೂಡ್ರೈವರು ಹಿಡಿದು ಬಂದು, ಎಲ್ಲಿ ಸುಲಭವಾಗಿ ಒಳಗೆ ಹೋಗುತ್ತದೋ ಆ ಒಲೆಯನ್ನೇ ಆರಿಸಿಕೊಂಡರು. ಕೆಲವರು ಮನೆಯಲ್ಲಿ ಚೆನ್ನಾಗಿ ಉರಿಯುತ್ತಿದ್ದ ಒಲೆಯನ್ನು ಕಳಚಿ ಹೊರಗಿಟ್ಟು ಇದನ್ನು ತಂದಿಟ್ಟುಕೊಂಡರು.

ಜೂನ್ ಒಂದರಂದು ಅರ್ಜಿ ಸ್ವೀಕಾರ ಶುರುವಾಯಿತು. ಒಂಬತ್ತು ಗಂಟೆಗೆ ಬಾಗಿಲು ತೆರೆದಾಗ ಸಾಲು ಅಂಚೆ ಕಚೇರಿಯವರೆಗೆ ಇತ್ತು. ಮುಂದೆ ನಿಂತಿದ್ದವಳು ಟಿಲ್ಲಿ. ಅರ್ಜಿಯ ಒಂಬತ್ತೂ ಪುಟ ತುಂಬಿ ತಂದಿದ್ದಳು. 'ಕಾರಣ' ಎಂಬ ಕಲಮಿನಲ್ಲಿ 'ಮನೆಯಲ್ಲಿ ಯೋಜನೆಯ ಒಲೆ ಇದೆ' ಎಂದು ದುಂಡಗೆ ಬರೆದಿದ್ದಳು.

"ಮೊದಲನೇ ನಂಬರು ಹಾಕು ವಿನ್ಸ್. ಬೆಳಗಿನ ಜಾವ ಬಂದು ನಿಂತಿದೀನಿ."

ನಾನು ಮೊಹರು ಒತ್ತಿ ಸ್ವೀಕೃತಿ ಕೊಟ್ಟೆ. ಅವಳು ಓದಿ ನೋಡಿದಳು.

"ಎರಡು ಅಂತಿದೆಯಲ್ಲೋ?"

ಕಚೇರಿಯ ಬೀಗದ ಕೈ ಇರುವುದು ನನ್ನ ಹತ್ತಿರ. ಮೋಟರಿಲ್ಲದ ಆ ಒಲೆ ಈಗ ನಮ್ಮ ಮನೆಯಲ್ಲಿದೆ. ಬಹಳ ನಿಶ್ಶಬ್ದವಾಗಿದೆ.